ಸಾವ್ಕಾರರು ವೇದಿಕೆ ಮೇಲೆ ಕೇಳಿದ ಹಾಡು

ಸೇಡಂನಿಂದ ಚಿಂಚೋಳಿ ಕಡೆಗೆ ಹೋಗುವ ರಸ್ತೆಯ ಬಲಕ್ಕೆ ಮೊದಲು ಒಂದು ದೊಡ್ಡ ಬಯಲಿತ್ತು. ಈಗ ಅಲ್ಲಿ ಪ್ಲಾಟು ಬಿದ್ದು ಮನೆಗಳೆದ್ದಿವೆ. ಹೋದ ವಾರ ಅಲ್ಲೊಂದು ಗೃಹಪ್ರವೇಶಕ್ಕೆ ಮೈಕ್ ಕಟ್ಟಲು ಹೋಗಿದ್ದೆ. ಮನೆಯವರು ಅಂಗಳಕ್ಕೆ ಶಹಾಬಾದ ಪರಸಿ ಹಾಸಿಸಿದ್ದರು. ಬಿಸಿಲಿಗೆ ಕಾದ ಕಲ್ಲಿನ ಮೇಲೆ ಯಾರೋ ಒಂದು ಕೊಡ ನೀರು ಚೆಲ್ಲಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ವೈರಿನ ಸುರುಳಿ ಬಿಚ್ಚುವುದನ್ನು ಮರೆತು ನಿಂತೆ. ಎರಡು ವರ್ಷದ ಹಿಂದಿನ ಬೇಸಿಗೆಯಲ್ಲಿ ಅದೇ ಬಯಲಿನಲ್ಲಿ, ವೇದಿಕೆಯ ಮಗ್ಗುಲಲ್ಲಿ, ಇಂಥದೇ ಪರಸಿಯ ಮೇಲೆ ನನ್ನ ಆಂಪ್ಲಿಫೈಯರ್ ಇಟ್ಟು ಧೂಳು ಏಳಬಾರದೆಂದು ಸುತ್ತ ನೀರು ಹೊಡೆಸಿದ್ದೆ. "ಈರಣ್ಣ, ಮೈಕ್ ಇಲ್ಲೇ ಕಟ್ರಿ" ಎಂದು ಮನೆ ಯಜಮಾನರು ತೋರಿಸಿದ ಜಾಗವೂ ಹೆಚ್ಚು ಕಡಿಮೆ ಅದೇ.

ನನ್ನದು ಸೇಡಂನಲ್ಲಿ ಮೈಕ್‌ಸೆಟ್ ಅಂಗಡಿ. ಮದುವೆ, ಉರುಸು, ಪುರಾಣ, ಚುನಾವಣೆ, ಯಾವುದಕ್ಕೂ ಇಲ್ಲ ಎಂದವನಲ್ಲ. ಎಲ್ಲ ಪಕ್ಷದ ಭಾಷಣಗಳೂ ನನಗೆ ಬಾಯಿಪಾಠ. ಎಲ್ಲಿ ಚಪ್ಪಾಳೆ ಬೀಳುತ್ತದೆ, ಎಲ್ಲಿ ಭಾಷಣಕಾರರಿಗೆ ನೀರು ಬೇಕಾಗುತ್ತದೆ ಎಂಬುದೂ ಗೊತ್ತು. ಈ ಬರಹದಲ್ಲಿ ಬರುವ ಇಬ್ಬರು ಮುಖಂಡರಲ್ಲಿ ಒಬ್ಬರನ್ನು ಗೌಡರು ಎನ್ನುತ್ತೇನೆ, ಇನ್ನೊಬ್ಬರನ್ನು ಸಾವ್ಕಾರರು ಎನ್ನುತ್ತೇನೆ. ಹೆಸರು ಬೇಡ, ಯಾವ ಚುನಾವಣೆ ಎಂಬುದೂ ಬೇಡ. ಇಬ್ಬರೂ ಇವತ್ತಿಗೂ ನನ್ನ ಗಿರಾಕಿಗಳು, ನನಗೆ ಇನ್ನೂ ಈ ಊರಿನಲ್ಲೇ ಬಾಳ್ವೆ ಮಾಡಬೇಕಾಗಿದೆ.

ಆ ಬೇಸಿಗೆಯ ಮಾತು ಹೇಳಬೇಕಾದರೆ ಅದಕ್ಕೂ ಐದು ವರ್ಷ ಹಿಂದೆ ಹೋಗಬೇಕು. ಆಗಿನ ಚುನಾವಣೆಯಲ್ಲಿ ಗೌಡರು, ಸಾವ್ಕಾರರು ಎದುರಾಬದುರಾ ನಿಂತಿದ್ದರು. ಸಾವ್ಕಾರರ ಮೇಲೆ ಒಂದು ಹಾಡು ಬೇಕು, ಕೇಳಿದವರು ನಗಬೇಕು ಎಂದು ಗೌಡರ ಕಡೆಯವರು ನನ್ನ ಅಂಗಡಿಗೆ ಬಂದರು. ನನಗೆ ಕೂಡಲೇ ನೆನಪಾದವನು ಸಾಬಣ್ಣ.

ಸಾಬಣ್ಣನ ಊರು ನಮ್ಮ ತಾಲೂಕಿನ ಮುಧೋಳದ ಆಚೆ, ತೆಲಂಗಾಣದ ಗಡಿಗೆ ಹತ್ತಿರ. ಮನೆಮನೆಗೆ ಪರಸಿ ಹಾಸುವ ಗೌಂಡಿ ಕೆಲಸ ಅವನದು. ಊರಿನ ಬಸವಣ್ಣನ ಗುಡಿಯ ಭಜನಾ ಮಂಡಳಿಯಲ್ಲಿ ಅವನೇ ಮುಂದಿನ ಹಾಡುಗಾರ. ನಮ್ಮಿಬ್ಬರದೂ ಒಂದೇ ವಯಸ್ಸು, ಏನೋ ಬಾರೋ ಎನ್ನುವಷ್ಟು ಸಲಿಗೆ. ಅವನ ದನಿ ಎಂಥದೆಂದರೆ, ಭಜನೆ ಕಾರ್ಯಕ್ರಮಗಳಲ್ಲಿ ನಾನು ಮೈಕನ್ನು ಅವನ ಬಾಯಿಯಿಂದ ಒಂದು ಮೊಳ ದೂರ ಇಡುತ್ತಿದ್ದೆ. ಚುನಾವಣೆಯ ಹಾಡು ಎಂದಾಗ ಅವನು ಹಿಂದೆ ಮುಂದೆ ನೋಡಿದ.

"ನಮ್ಮೂರು ಪೂರಾ ಸಾವ್ಕಾರ್ರ ಕಡಿ ಅದ ಈರಣ್ಣ. ನನ್ನ ಆವಾಜ ಗುರ್ತ ಹಿಡೀತಾರ."

"ಹಾರ್ನ್‌ದಾಗ ಎಲ್ಲಾರ ಆವಾಜೂ ಒಂದೇ ಕೇಳಿಸ್ತದ. ಸುಮ್ನ ಹಾಡು" ಎಂದೆ.

ಅದು ಸುಳ್ಳು ಎಂದು ನನಗೆ ಗೊತ್ತಿತ್ತು. ಅವನಿಗೆ ಹಾಡು ಕಟ್ಟುವ ಖಯಾಲಿ, ಒಂದೇ ಮಧ್ಯಾಹ್ನದಲ್ಲಿ ಕಟ್ಟಿದ.

ಕಂಬ ಬಂದ್ವು ತಂತಿ ಎಲ್ಲಿ ಸಾವ್ಕಾರಾ,
ತಂತಿ ಬಂದ್ರ ಕರೆಂಟ ಎಲ್ಲಿ ಸಾವ್ಕಾರಾ,
ಕರೆಂಟ ಕೇಳಿದ್ರ ಕಂದೀಲ ಕೊಟ್ಟಿ ಸಾವ್ಕಾರಾ,
ಕಂದೀಲಿಗಿ ಎಣ್ಣಿ ಎಲ್ಲಿ ಸಾವ್ಕಾರಾ.

ಅಂಗಡಿಯ ಹಿಂದಿನ ಕೋಣೆಗೆ ನಾಲ್ಕು ಕಡೆ ಕೌದಿ ಕಟ್ಟಿ, ಫ್ಯಾನ್ ಬಂದ್ ಮಾಡಿ, ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿಕೊಂಡೆ. ಇಬ್ಬರೂ ಬೆವರಿನಲ್ಲಿ ತೊಯ್ದು ಹೋಗಿದ್ದೆವು.

ಇಲ್ಲಿ ಒಂದು ವಿಷಯ ಹೇಳಬೇಕು. ನಮ್ಮ ಕಡೆಯ ಭಜನೆಯವರು ಯಾವ ಪದವನ್ನೂ ನೇರವಾಗಿ ಎತ್ತಿಕೊಳ್ಳುವುದಿಲ್ಲ. ಮೊದಲು ಗುರುವಿನ ಹೆಸರು, ಆಮೇಲೆ ಪದ. ಸಾಬಣ್ಣನ ಊರಿನ ಮಂಡಳಿಗೆಲ್ಲ ಹಾಡು ಕಲಿಸಿದವರು ಸಿದ್ದಯ್ಯ ಎಂಬ ಹಿರಿಯರು. ಅವರು ತೀರಿಕೊಂಡು ಬಹಳ ವರ್ಷವಾಗಿದೆ, ಗುಡಿಯಲ್ಲಿ ಅವರ ಫೋಟೋ ಇದೆ. "ಗುರು ಸಿದ್ದಯ್ಯಾ" ಎಂದು ಒಂದು ಸಲ ಎಳೆದು ಹಾಡದಿದ್ದರೆ ಸಾಬಣ್ಣನಿಗೆ ಗಂಟಲೇ ಬಿಡುವುದಿಲ್ಲ. ಈ ಹಾಡಿಗೂ ಅವನು ಮೊದಲು ಗುರುವಿನ ಹೆಸರು ಎಳೆದ, ಆಮೇಲೆ ಕಂಬ, ತಂತಿ. ಅದನ್ನು ಕತ್ತರಿಸಿ ತೆಗೆಯಬೇಕು ಎಂದು ನನಗೆ ಹೇಳಿಯೇ ಹಾಡಿದ್ದ. ನಾನು ಹೂಂ ಎಂದಿದ್ದೆ.

ತೆಗೆಯುವುದು ಎರಡು ನಿಮಿಷದ ಕೆಲಸ. ಆದರೆ ಕೂತು ಕೇಳಿದಾಗ ಮನಸ್ಸು ಬರಲಿಲ್ಲ. ಅಷ್ಟು ಚೆನ್ನಾಗಿತ್ತು. ಗುರುವಿನ ಹೆಸರು ಹಾರ್ನಿನಲ್ಲಿ ಬಂದರೆ ಜನ ಭಜನೆ ಎಂದುಕೊಂಡು ಬಾಗಿಲಿಗೆ ಬರುತ್ತಾರೆ, ಬಂದಮೇಲೆ ಹಾಡು ಕೇಳದೆ ಹೋಗುವುದಿಲ್ಲ ಎಂದು ಲೆಕ್ಕ ಹಾಕಿದೆ. ಹಾಗೇ ಆಯಿತು. ಹಾರ್ನ್ ಕಟ್ಟಿದ ಪ್ರಚಾರದ ಜೀಪು ಓಣಿಗೆ ಹೋದರೆ ಹೆಂಗಸರು ಸೆರಗು ತಲೆ ಮೇಲೆ ಎಳೆದುಕೊಂಡು ಕೈ ಮುಗಿಯುತ್ತ ಹೊರಗೆ ಬರುವರು, ಅಷ್ಟರಲ್ಲಿ ಕಂಬ ತಂತಿ ಶುರುವಾಗುವುದು, ಬಿದ್ದು ಬಿದ್ದು ನಗುವರು. ನನ್ನ ಕೈಚಳಕಕ್ಕೆ ನಾನೇ ಮೀಸೆ ತಿರುವಿಕೊಂಡೆ. ಚಿತ್ತಾಪುರದ ಮೈಕ್‌ನವರು ಕೂಡ ಬಂದು ಈ ಹಾಡು ಯಾರದೆಂದು ಕೇಳಿ ಹೋದರು.

ಜೀಪು ಸಾಬಣ್ಣನ ಊರಿಗೂ ಹೋಯಿತು. ಇಪ್ಪತ್ತು ವರ್ಷ ಆ ದನಿ ಕೇಳಿದ ಊರು, ಗುರುವಿನ ಹೆಸರಿನ ಮೊದಲ ಅಕ್ಷರಕ್ಕೇ ಗುರುತು ಹಿಡಿಯಿತು.

ಯಾರೂ ಅವನನ್ನು ಬೈಯಲಿಲ್ಲ, ಹೊಡೆಯಲಿಲ್ಲ. ಮುಂದಿನ ಸೋಮವಾರ ಭಜನೆಗೆಂದು ಗುಡಿಗೆ ಹೋದರೆ ಅವನು ಕೂರುವ ಜಾಗದಲ್ಲಿ ಇನ್ನೊಬ್ಬ ಕುಳಿತಿದ್ದ. ಮಂಡಳಿಯ ಹಿರಿಯರು ರಾಚಪ್ಪ ಕಾಕಾ. ಅವರು ಹಾರ್ಮೋನಿಯಂ ಮೇಲಿನಿಂದ ತಲೆ ಎತ್ತದೆ, "ನೀ ಇನ್ನ ಹೊರಗ ಕುಂದ್ರು ಸಾಬಣ್ಣ" ಎಂದರಂತೆ. ಮರುದಿನ ಅವನು ನನ್ನ ಅಂಗಡಿಗೆ ಬಂದ.

"ಮೊದಲಿಂದು ತೆಗೀತೀನಿ ಅಂದಿದ್ದಿ?"

"ಮಷಿನ್‌ದಾಗ ಅದು ತೆಗ್ಯಾಕ ಬರಂಗಿಲ್ಲೋ. ಹಾಡಿನ ಜೋಡಿ ಅಂಟಿಕೊಂಡಿರ್ತದ" ಎಂದೆ.

ಅವನು ನಂಬಿದ. ಕಲ್ಲು ಕತ್ತರಿಸುವುದು ಅವನಿಗೆ ಗೊತ್ತು, ದನಿ ಕತ್ತರಿಸುವುದು ಗೊತ್ತಿಲ್ಲ. ಊರಿನಲ್ಲೂ ಹೋಗಿ ಅದನ್ನೇ ಹೇಳಿದನಂತೆ. ಮಷಿನ್ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದುಕೊಂಡರು.

ಅಂದಿನಿಂದ ಪ್ರತಿ ಸೋಮವಾರ ಸಂಜೆ ಮಂಡಳಿ ಗುಡಿಯೊಳಗೆ ಹಾಡುವುದು, ಸಾಬಣ್ಣ ಹೊರಗೆ ಬೇವಿನ ಕಟ್ಟೆಯ ಮೇಲೆ ಕೂತು ಕೇಳುವುದು. ಒಂದು ಸೋಮವಾರವನ್ನೂ ಅವನು ತಪ್ಪಿಸಲಿಲ್ಲ. ಬೇರೆ ಊರಿನ ಮಂಡಳಿಗಳು ಕರೆದರೂ ಹೋಗಲಿಲ್ಲ. "ನಮ್ಮ ಗುರುವಿನ ಮುಂದ ಹಾಡಾಕ ಬಿಡದಿದ್ದಾಂವ ಮಂದಿ ಊರಾಗ ಏನ್ ಹಾಡ್ಲಿ" ಎನ್ನುತ್ತಿದ್ದ. ಪರಸಿ ಹಾಸುವಾಗ ಗುನುಗುವುದನ್ನೂ ಬಿಟ್ಟ. ಅವನು ಕೆಲಸ ಮಾಡುತ್ತಿದ್ದ ಮನೆಗೆ ಒಮ್ಮೆ ಹೋಗಿದ್ದೆ, ಸುತ್ತಿಗೆ ಉಳಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ನನಗೆ ಅಲ್ಲಿ ಬಹಳ ಹೊತ್ತು ನಿಲ್ಲಲಾಗಲಿಲ್ಲ.

ಮೂರನೆಯ ವರ್ಷ ಅವನ ತಾಯಿ ತೀರಿಕೊಂಡರು. ನಮ್ಮಲ್ಲಿ ಮಣ್ಣಿಗೆ ಒಯ್ಯುವ ತನಕ ಹೆಣದ ಮುಂದೆ ಭಜನೆ ನಡೆಯಬೇಕು. ಯಾರ ಮನೆಯೇ ಇರಲಿ, ಹೇಳಿ ಕಳಿಸುವುದೂ ಬೇಡ, ಮಂಡಳಿಯವರು ತಾವಾಗಿ ಹಾರ್ಮೋನಿಯಂ ಹೊತ್ತುಕೊಂಡು ಬಂದುಬಿಡುತ್ತಾರೆ. ಅವತ್ತು ಊರೆಲ್ಲ ಬಂತು. ಹೂವು ತಂದರು, ಕುಣಿ ತೋಡಿಸಿದರು, ನೆರೆಮನೆಯವರು ಬಂದವರಿಗೆಲ್ಲ ಚಹಾ ಮಾಡಿ ಕೊಟ್ಟರು. ಹಾರ್ಮೋನಿಯಂ ಮಾತ್ರ ಬರಲಿಲ್ಲ. ಒಂದು ಗಂಟೆ ಕಾದು ಸಾಬಣ್ಣ ತಾನೇ ತಾಯಿಯ ಮುಂದೆ ಕೂತು ಹಾಡಲು ಶುರು ಮಾಡಿದ. ಸುದ್ದಿ ಕೇಳಿ ಹೋಗಿದ್ದ ನಾನು ಪಕ್ಕದಲ್ಲಿ ಕೂತು ತಾಳ ಹಾಕಿದೆ. ಮೈಕ್ ಕಟ್ಟುವವನಿಗೆ ತಾಳ ಹಾಕಲು ಎಲ್ಲಿ ಬರುತ್ತದೆ, ಎರಡೆರಡು ಸಲ ತಪ್ಪಿದೆ. ಮುಂಜಾನೆಯಿಂದ ಮಧ್ಯಾಹ್ನ ಎರಡರವರೆಗೆ ಅವನು ಒಬ್ಬನೇ ಹಾಡಿದ. ರಾಚಪ್ಪ ಕಾಕಾ ಮಣ್ಣಿಗೆ ಬಂದು, ಮೂರು ಹಿಡಿ ಮಣ್ಣು ಹಾಕಿ, ಯಾರ ಮುಖವನ್ನೂ ನೋಡದೆ ಹೋದರು. ಆಗ ನಾನು ಅವರ ಹಿಂದೆ ನಾಲ್ಕು ಹೆಜ್ಜೆ ಹೋಗಿ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು.

ಹೀಗೆ ಐದು ವರ್ಷ ಕಳೆದು ಆ ಬೇಸಿಗೆ ಬಂತು. ಯುಗಾದಿ ಮುಗಿದು ಹದಿನೈದು ದಿನವಾಗಿತ್ತು. ಬಿಸಿಲು ಅಂದರೆ ಬಿಸಿಲು, ಹನ್ನೊಂದು ಗಂಟೆಗೆ ರಸ್ತೆ ಖಾಲಿ. ಸಾವ್ಕಾರರಿಗೆ ಈ ಸಲ ಟಿಕೆಟ್ ಸಿಗಲಿಲ್ಲ. ಮೂರು ದಿನ ಮನೆ ಬಾಗಿಲು ಹಾಕಿಕೊಂಡು ಕೂತರು, ನಾಲ್ಕನೆಯ ದಿನ ಗೌಡರ ಕಾರು ಅವರ ಮನೆ ಮುಂದೆ ನಿಂತಿತ್ತು ಎಂದು ಸುದ್ದಿ. ಐದನೆಯ ದಿನ ನನಗೆ ಆರ್ಡರ್ ಬಂತು. ಬಯಲಿನಲ್ಲಿ ದೊಡ್ಡ ಸಭೆ, ಅಲ್ಲಿ ಸಾವ್ಕಾರರು ಗೌಡರಿಗೆ ಬೆಂಬಲ ಘೋಷಿಸುತ್ತಾರೆ.

ಗೌಡರು ಸ್ವತಃ ಫೋನ್ ಮಾಡಿದರು. "ಈರಣ್ಣ, ಹಳೀ ಪೆನ್‌ಡ್ರೈವ್ ಏನವ, ಎಲ್ಲಾ ಅಳಿಸಿ ಬಿಡು. ಎಲ್ಲ್ಯಾರ ಆ ಕಂಬದ ಹಾಡು ಬಂದ್ರ ನಿಂದು ನಂದು ಇಬ್ಬರದೂ ಇಜ್ಜತ್ ಹೋಗ್ತದ."

"ಅಳಿಸ್ತೀನ್ರಿ ಗೌಡ್ರೆ."

"ಮತ್ತ ಆ ಹಾಡಿದ ಗೌಂಡಿನ ಕರ್ಕೊಂಡ ಬಾ. ಈ ಸಲ ಸಾವ್ಕಾರ್ರನ್ನ ಹೊಗಳಿ ಸ್ವಾಗತದ ಹಾಡು ಹಾಡ್ಲಿ. ಜನಕ್ಕ ನಾವು ಕೂಡಿದ್ದು ಖರೇ ಅನಿಸಬೇಕು."

ಸಾಬಣ್ಣ ಒಪ್ಪುವುದಿಲ್ಲ ಎಂದುಕೊಂಡೇ ಅವನ ಊರಿಗೆ ಹೋದೆ. ಅವನು ಒಂದೇ ಮಾತಿಗೆ ಒಪ್ಪಿದ. ಅವನ ಮುಖದಲ್ಲಿ ಅಷ್ಟು ಹುರುಪು ನೋಡಿ ಬಹಳ ದಿನವಾಗಿತ್ತು.

"ರಾಚಪ್ಪ ಕಾಕಾ, ಮಂಡಳಿಯವರು ಎಲ್ಲಾರೂ ಸಾವ್ಕಾರ್ರ ಟೆಂಪೋದಾಗ ಬರಾಕತ್ತಾರ. ಗುರುವಿನ ಹೆಸರಿಂದು ಬರೇ ನೆವ, ಅವರ ಸಿಟ್ಟು ಸಾವ್ಕಾರ್ರನ್ನ ಆಡಿಕೊಂಡಿದ್ದಕ್ಕ. ದೊಡ್ಡೋರೇ ಕೂಡಿದ ಮ್ಯಾಗ ನಮ್ಮದೇನ್ ಅದ ಈರಣ್ಣ? ಎಲ್ಲಾರ ಮುಂದ ಸಾವ್ಕಾರ್ರನ್ನ ಹೊಗಳಿ ಹಾಡ್ತೀನಿ, ಹಳೀದು ಅಲ್ಲಿಗೆ ಮುಗೀತದ. ಸೋಮವಾರ ಒಳಗ ಕರೀತಾರ ನೋಡು."

ನನಗೂ ಹಾಗೇ ಅನ್ನಿಸಿತು. ನಿಜ ಹೇಳಬೇಕೆಂದರೆ ಹಾಗಾದರೆ ಸಾಕಪ್ಪಾ ಎಂದುಕೊಂಡೆ. ನಾನು ಬಾಯಿ ಬಿಡದೆಯೇ ಎಲ್ಲ ಸರಿಹೋದರೆ ಅದಕ್ಕಿಂತ ಹೆಚ್ಚು ಏನು ಬೇಕು.

ಸಭೆಯ ದಿನ ವಾಡಿಯಿಂದ ಜನರೇಟರ್ ತರಿಸಿದ್ದೆ. ಹನ್ನೆರಡು ಹಾರ್ನು, ಎಂಟು ಬಾಕ್ಸು. ಹತ್ತು ಗಂಟೆಗೆ ಎಂದವರು ಒಂದೂವರೆಗೂ ಬಂದಿರಲಿಲ್ಲ. ಜನ ಕುರ್ಚಿ ತಲೆ ಮೇಲೆ ಹೊತ್ತುಕೊಂಡು ನೆರಳು ಮಾಡಿಕೊಂಡಿದ್ದರು. ಶಾಮಿಯಾನದ ಎಡಕ್ಕೆ ಗೌಡರ ಮಂದಿ, ಬಲಕ್ಕೆ ಸಾವ್ಕಾರರ ಮಂದಿ, ನಡುವೆ ಯಾರೂ ಹೇಳದಿದ್ದರೂ ಒಂದು ಓಣಿಯಷ್ಟು ಜಾಗ ಬಿಟ್ಟು ಕೂತಿದ್ದರು. ಸಾವ್ಕಾರರ ಕಡೆಯವರಿಗೆ ಏನು ಕೂಗಬೇಕೆಂದೇ ತಿಳಿಯದು. ಒಬ್ಬ ಮುದುಕರು ರೂಢಿ ತಪ್ಪದೆ "ಗೌಡ್ರಿಗಿ ಧಿಕ್ಕಾರ" ಎಂದುಬಿಟ್ಟರು. ಪಕ್ಕದವನು ಬಾಯಿಗೆ ಕೈ ಅಡ್ಡ ಹಿಡಿದು ಕೂರಿಸಿದ.

ಸಾಬಣ್ಣ ಬಿಳಿ ಅಂಗಿ, ಹೊಸ ಟವೆಲು ಹಾಕಿಕೊಂಡು ಬಂದಿದ್ದ. ಸ್ವಾಗತದ ಹಾಡನ್ನು ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಂಡಿದ್ದ. ನನ್ನ ಪಕ್ಕ ಪರಸಿಯ ಮೇಲೆ ಕೂತು ಮತ್ತೆ ಮತ್ತೆ ಮಂಡಳಿಯವರು ಕೂತ ಕಡೆ ನೋಡುತ್ತಿದ್ದ. "ಕಾಕಾ ಮೂರನೇ ಸಾಲಿನಾಗ ಕುಂತಾನ" ಎಂದು ಎರಡು ಸಲ ಹೇಳಿದ.

ಎರಡು ಗಂಟೆಗೆ ಹಲಗೆ ಬಾರಿಸುವವರ ಹಿಂದೆ ಇಬ್ಬರು ಮುಖಂಡರೂ ಒಂದೇ ತೆರೆದ ಜೀಪಿನಲ್ಲಿ ಬಂದರು. ಹಾರ ಹಾಕಿಕೊಂಡರು, ಒಬ್ಬರ ಬಾಯಿಗೆ ಒಬ್ಬರು ಪೇಡೆ ಇಟ್ಟರು. ಹತ್ತು ವರ್ಷ ಒಬ್ಬರನ್ನೊಬ್ಬರು ಕಳ್ಳ, ಸುಳ್ಳ ಎಂದದ್ದನ್ನೆಲ್ಲ ನನ್ನ ಮೈಕಿನಲ್ಲೇ ಹೇಳಿದ್ದರು. ಈಗ ಅದೇ ಮೈಕಿನಲ್ಲಿ ಸಾವ್ಕಾರರು ಎಂದರು, "ನಾವಿಬ್ಬರೂ ಅಣ್ಣತಮ್ಮ ಇದ್ದಂಗ. ಅಣ್ಣತಮ್ಮರು ಜಗಳಾಡಂಗಿಲ್ಲೇನ್ರಿ? ಇವತ್ತಿನಿಂದ ನನ್ನ ವೋಟು ಗೌಡ್ರಿಗಿ, ನನ್ನ ಮಂದೀ ವೋಟು ಗೌಡ್ರಿಗಿ." ಎಡಗಡೆ ಚಪ್ಪಾಳೆ ಜೋರಾಗಿತ್ತು, ಬಲಗಡೆ ಒಬ್ಬರ ಮುಖ ಒಬ್ಬರು ನೋಡಿ ಆಮೇಲೆ ತಟ್ಟಿದರು.

ಇನ್ನು ಸ್ವಾಗತದ ಹಾಡು ಎಂದು ಹೆಸರು ಕರೆದರು. ಸಾಬಣ್ಣ ವೇದಿಕೆ ಹತ್ತಿ, ಮಡಚಿದ ಹಾಳೆ ಬಿಚ್ಚಿ ಮೈಕಿನ ಮುಂದೆ ನಿಂತ. ಸಾವ್ಕಾರರು ಗೌಡರ ಕಿವಿಯಲ್ಲಿ ಏನೋ ಕೇಳಿದರು. ಗೌಡರು ತಲೆಯಾಡಿಸಿದರು. ಸಾವ್ಕಾರರು ಎದ್ದು ಬಂದು ಇನ್ನೊಂದು ಮೈಕ್ ಹಿಡಿದರು.

"ಇವನೇ ಏನ್ರಿ ನನ್ನ ಮ್ಯಾಗ ಹಾಡ್ ಕಟ್ಟಿದಾಂವ? ಏ ತಮ್ಮಾ, ಆ ಹಾಳಿ ಮಡಚಿಡು. ಆ ಕಂಬದ ಹಾಡು ಹಾಡು. ಅವಾಗ ಸಿಟ್ಟಿನಾಗ ಬರಾಬರ್ ಕೇಳಿರಲಿಲ್ಲ, ಇವತ್ತು ಕುಂತು ಕೇಳ್ತೀನಿ."

ಇಡೀ ಬಯಲು ನಕ್ಕಿತು. ಗೌಡರು ತೊಡೆ ತಟ್ಟಿಕೊಂಡು ನಕ್ಕರು. ಸಾಬಣ್ಣ ತಿರುಗಿ ನನ್ನನ್ನು ನೋಡಿದ.

ಅವನು ಯಾಕೆ ನೋಡಿದ ಎಂದು ನನಗೆ ಗೊತ್ತು. ಮೈಕ್‌ನವರ ಹತ್ತಿರ ಒಂದು ಉಪಾಯವಿರುತ್ತದೆ. ಭಾಷಣ ಉದ್ದವಾದಾಗ ಸಂಘಟಕರು ಕಣ್ಸನ್ನೆ ಮಾಡಿದರೆ, ವೈರು ಸ್ವಲ್ಪ ಎಳೆದು, ಜನರೇಟರ್ ಕೈಕೊಟ್ಟಿತು ಎನ್ನುತ್ತೇವೆ. ನಾನು ಎಷ್ಟೋ ಸಲ ಮಾಡಿದ್ದೇನೆ, ಅವನು ನೋಡಿದ್ದಾನೆ. ನನ್ನ ಕೈ ವೈರಿನ ಮೇಲೇ ಇತ್ತು. ಎದುರಿಗೆ ಇಬ್ಬರು ಗಿರಾಕಿಗಳು ನಗುತ್ತಿದ್ದರು. ನಾನು ಎಳೆಯಲಿಲ್ಲ.

ಸಾಬಣ್ಣ ಹಾಡಿದ. ಗುರುವಿನ ಹೆಸರು ತೆಗೆದುಕೊಳ್ಳಲಿಲ್ಲ. ಗಂಟಲು ಬಿಡದೆ ಮೊದಲ ಸಾಲು ಒಡಕು ಒಡಕಾಗಿ ಬಂತು, ಎರಡನೆಯದಕ್ಕೆ ಸರಿಹೋಯಿತು. ಪ್ರತಿ ಸಾಲಿಗೂ ಜನ ಸಿಳ್ಳೆ ಹಾಕಿದರು. ಅವನದೇ ಊರಿನವರು, ಯಾವ ಹಾಡಿಗಾಗಿ ಅವನನ್ನು ಹೊರಗೆ ಕೂರಿಸಿದ್ದರೋ ಅದಕ್ಕೇ, ಕೈ ಎತ್ತಿ ಚಪ್ಪಾಳೆ ತಟ್ಟಿದರು. ಸಾವ್ಕಾರರು ತಮ್ಮ ಹೆಗಲ ಮೇಲಿನ ಶಾಲು ತೆಗೆದು ಅವನಿಗೆ ಹೊದಿಸಿದರು. ನನಗೆ ಅವರಿಬ್ಬರ ಮೇಲೂ ಕೆಟ್ಟ ಸಿಟ್ಟು ಬಂತು. ಸಿಟ್ಟು ಬರಲು ನನಗೆ ಎಷ್ಟು ಹಕ್ಕಿತ್ತೋ ದೇವರೇ ಬಲ್ಲ.

ಅವನು ವೇದಿಕೆ ಇಳಿದವನು ನನ್ನ ಕಡೆ ಬರಲಿಲ್ಲ, ಶಾಲು ಹೊದ್ದುಕೊಂಡೇ ನೇರವಾಗಿ ಮೂರನೇ ಸಾಲಿಗೆ ಹೋದ. ಸಭೆ ಮುಗಿದು ಜನ ಏಳುತ್ತಿದ್ದರು. ನಾನು ವೈರು ಸುತ್ತುತ್ತ ಅಲ್ಲೇ ಹತ್ತಿರ ಹೋದೆ. ಕಾಕಾ ಒಬ್ಬರೇ ಕುರ್ಚಿಯಲ್ಲಿ ಕೂತಿದ್ದರು. ಅವರು ನಕ್ಕ ಗುರುತು ಇರಲಿಲ್ಲ.

"ಕಾಕಾ, ಸಾವ್ಕಾರ್ರು ತಾವೇ ಶಾಲು ಹೊಚ್ಚಿದ್ರು. ಸೋಮವಾರ ಒಳಗ ಬರ್ಲೇನು?"

ಕಾಕಾ ಶಾಲಿನ ಅಂಚು ಹಿಡಿದು ನೋಡಿ ಬಿಟ್ಟರು.

"ಸಾವ್ಕಾರನ್ನ ಆಡಿಕೊಂಡಿ ಅಂತ ನಿನ್ನ ಹೊರಗ ಕುಂದರಿಸಿಲ್ಲ ಸಾಬಣ್ಣ. ಖರೇ ಹೇಳ್ಬೇಕಂದ್ರ ಹಾಡು ಚಲೋನೇ ಅದ, ಆ ಕಂಬಕ್ಕ ಇನ್ನೂ ತಂತಿ ಬಂದಿಲ್ಲ. ಗುರುವಿನ ಹೆಸರು ಹಿಡದು ಮಂದೀನ ನಗಿಸಾಕ ಹೋದಿ. ಹೆಣ್ಮಕ್ಕಳು ಕೈ ಮುಗೀತಾ ಹೊರಗ ಬಂದ್ರು, ಅವರನ್ನ ಚಾಷ್ಟಿ ಮಾಡಿದಿ. ಇವರಿಬ್ಬರದು ರಾಜಿ ಆದ್ರ ಅದು ಇವರದು. ನಮ್ಮದಕ್ಕೂ ಅದಕ್ಕೂ ಸಂಬಂಧ ಇಲ್ಲ."

ಹೇಳಿ ಎದ್ದು ಟೆಂಪೋ ಕಡೆ ಹೋದರು. ಸಾಬಣ್ಣ ಶಾಲು ಮಡಚಿ ಖಾಲಿ ಕುರ್ಚಿಯ ಮೇಲಿಟ್ಟ. ನಾನು ಮೂರು ಮಾರು ದೂರದಲ್ಲಿದ್ದೆ. ಅವತ್ತೂ ಹೇಳಲಿಲ್ಲ.

ಮತದಾನವಾಯಿತು, ಎಣಿಕೆಯಾಯಿತು. ಗೌಡರು ಗೆದ್ದರು, ಮೆರವಣಿಗೆಗೂ ನನ್ನದೇ ಮೈಕು. ಜೂನ್‌ನಲ್ಲಿ ಮಿರಗದ ಮಳೆ ಹನಿಯುವ ಹೊತ್ತಿಗೆ ಜನ ತೊಗರಿ, ಹೆಸರು ಬಿತ್ತುವ ಕಡೆ ತಿರುಗಿದರು, ನನ್ನ ಅಂಗಡಿ ಖಾಲಿ ಹೊಡೆಯತೊಡಗಿತು. ಅಂಥ ಒಂದು ಸೋಮವಾರ ಮುಂಜಾನೆ ಸಾವ್ಕಾರರ ಅಳಿಯ ಬಂದ. ಮಾವನವರಿಗೆ ಆ ಹಾಡು ಮೊಬೈಲಿನಲ್ಲಿ ಬೇಕಂತೆ, ಬಂದವರಿಗೆ ಕೇಳಿಸಿ ನಗಬೇಕಂತೆ. ಪೆನ್‌ಡ್ರೈವ್ ಅಳಿಸಿದ್ದೆ. ಹಳೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿದ ಮೂಲ ಇನ್ನೂ ಇರಬಹುದು, ಸಂಜೆ ಬಾ ಎಂದು ಅವನನ್ನು ಕಳಿಸಿ ಹುಡುಕಿದೆ. ಸಿಕ್ಕಿತು. ಹಚ್ಚಿದೆ.

ಮೊದಲು ಫ್ಯಾನ್ ನಿಲ್ಲುವ ಸದ್ದು. ಆಮೇಲೆ ಸಾಬಣ್ಣನ ದನಿ. "ಈರಣ್ಣ, ನಾ ಗುರುವಿನ ಹೆಸರು ತಗೊಂಡೇ ಸುರು ಮಾಡ್ತೀನಿ, ಇಲ್ಲಂದ್ರ ಗಂಟಲಾ ಬಿಡಂಗಿಲ್ಲ. ಆದ್ರ ಅದನ್ನ ತೆಗೀಬೇಕು ನೋಡು. ಈ ಹಾಡಿನ ಜೋಡಿ ಅದು ಹೋಗಬಾರದು. ಮರೀಬ್ಯಾಡ." ಅದರ ಹಿಂದೆಯೇ ನನ್ನ ನಗು, ನನ್ನ ಮಾತು. "ತೆಗೀತೀನೋ ಮಾರಾಯಾ, ಎರಡು ಮಿನಿಟಿನ ಕೆಲಸ. ನೀ ಹಾಡು."

ಯಂತ್ರ ಆಗಲೇ ಓಡುತ್ತಿದೆ ಎಂದು ಮಾತಾಡುವಾಗ ಇಬ್ಬರಿಗೂ ಗೊತ್ತಿರಲಿಲ್ಲ. ಪೆನ್‌ಡ್ರೈವಿಗೆ ಹಾಕುವಾಗ ಈ ಮಾತನ್ನು ಮಾತ್ರ ಕತ್ತರಿಸಿದ್ದೆ, ಮೂಲದಲ್ಲಿ ಅದು ಉಳಿದದ್ದು ಮರೆತುಹೋಗಿತ್ತು. ಐದು ವರ್ಷ ನನ್ನ ಅಂಗಡಿಯ ಹಿಂದಿನ ಕೋಣೆಯಲ್ಲೇ ಅವನ ಮಾತು ಬಿದ್ದಿತ್ತು. ಮೂರು ಸಲ ಕೇಳಿದೆ. ಅಷ್ಟನ್ನು ಫೋನಿಗೆ ಹಾಕಿಕೊಂಡು, ಅಂಗಡಿ ಬಾಗಿಲು ಎಳೆದು, ಸಂಜೆಗೆ ಅವನ ಊರಿಗೆ ಹೋದೆ. ಸಾವ್ಕಾರರ ಅಳಿಯ ಬಂದು ಮುಚ್ಚಿದ ಬಾಗಿಲು ನೋಡಿ ಹೋಗಿರಬೇಕು.

ಗುಡಿಯಲ್ಲಿ ದೀಪ ಹಚ್ಚಿದ್ದರು. ಸಾಬಣ್ಣ ಎಂದಿನಂತೆ ಕಟ್ಟೆಯ ಮೇಲಿದ್ದ. ನನ್ನನ್ನು ನೋಡಿ, "ಏನೋ, ಈ ಕಡಿ?" ಎಂದ. ನಾನು ಚಪ್ಪಲಿ ಬಿಟ್ಟು ಒಳಗೆ ಹೋದೆ.

"ಬಾರಪಾ ಈರಣ್ಣ, ಯಾವ ಕಾರ್ಯಕ್ರಮಕ್ಕ ಕರ್ಯಾಕ ಬಂದಿ?" ಎಂದರು ರಾಚಪ್ಪ ಕಾಕಾ.

"ಕಾರ್ಯಕ್ರಮ ಇಲ್ರಿ ಕಾಕಾ. ಒಂದ್ ಕೇಳಿಸಬೇಕಾಗ್ಯಾದ."

ಫೋನನ್ನು ಅವರ ನಡುವೆ ನೆಲದ ಮೇಲಿಟ್ಟು ಹಚ್ಚಿದೆ. ಫ್ಯಾನಿನ ಸದ್ದು ಬಂತು, ಅವನ ಮಾತು ಬಂತು, ನನ್ನ ನಗು ಬಂತು. ಗುರುವಿನ ಹೆಸರು ಮುಗಿದು ಕಂಬದ ಹಾಡು ಶುರುವಾಗುವ ಮೊದಲು ನಿಲ್ಲಿಸಿದೆ. ಯಾರೋ ಕೈಯಲ್ಲಿದ್ದ ತಾಳ ಕೆಳಗಿಟ್ಟರು.

"ಮತ್ತ ಯಾಕ ತೆಗೀಲಿಲ್ಲ?" ಕಾಕಾ ಕೇಳಿದರು.

"ಭಾಳ ಚಲೋ ಕೇಳಿಸ್ತಿತ್ರಿ. ಮಂದಿ ಬಾಗಿಲಿಗಿ ಬರ್ತಾರ ಅಂತ ನಾನೇ ಇಟ್ಟೆ. ತೆಗ್ಯಾಕ ಬರಂಗಿಲ್ಲ ಅಂತ ಅವನಿಗೂ ಸುಳ್ಳ ಹೇಳಿದೆ. ತಪ್ಪೆಲ್ಲಾ ನಂದ್ರಿ."

ಬೈದರೆ ಬೈಸಿಕೊಳ್ಳಬೇಕೆಂದೇ ಬಂದಿದ್ದೆ. ಯಾರೂ ಬೈಯಲಿಲ್ಲ. ಕಾಕಾ ಹಾರ್ಮೋನಿಯಂ ಸರಿಸಿ, ಮೊಣಕಾಲು ಹಿಡಿದು ಎದ್ದು, ಗುಡಿಯ ಹೊಸ್ತಿಲ ತನಕ ಬಂದರು. ಸಾಬಣ್ಣ ಕಟ್ಟೆಯಿಂದ ಇಳಿದು ನಿಂತಿದ್ದ. ಅವನು ಎಲ್ಲ ಕೇಳಿಸಿಕೊಂಡಿದ್ದ.

"ನಿಮ್ಮವ್ವನ ಮುಂದ ನಾವು ಹಾಡಬೇಕಾಗಿತ್ತು ಸಾಬಣ್ಣ" ಎಂದರು ಕಾಕಾ. "ಅದನ್ನ ಈಗ ಹ್ಯಾಂಗ ತಿದ್ದೋದು ನನಗ ತಿಳೀವಲ್ದು. ಬಾ, ಒಳಗ ಬಾ."

ಸಾಬಣ್ಣ ನಳದ ಹತ್ತಿರ ಕಾಲು ತೊಳೆದುಕೊಂಡ. ಟವೆಲಿನಿಂದ ಮುಖ ಒರೆಸಿಕೊಂಡ, ಎರಡು ಸಲ. ಹೊಸ್ತಿಲ ಹತ್ತಿರ ನನ್ನೆದುರು ನಿಂತ.

"ಅವ್ವನ ಮುಂದ ನನ್ನ ಬಾಜೂಕೇ ಕುಂತು ತಾಳ ಹಾಕಿದಿ. ಅವಾಗ ಯಾಕ ಹೇಳಲಿಲ್ಲ?"

ದಾರಿಯುದ್ದಕ್ಕೂ ನಾನು ಏನೇನೋ ಉತ್ತರ ಜೋಡಿಸಿಕೊಂಡು ಬಂದಿದ್ದೆ. ಅವನ ಮುಖ ನೋಡಿದ ಮೇಲೆ ಅವನ್ನೆಲ್ಲ ಬಿಟ್ಟೆ. ಇದ್ದದ್ದನ್ನೇ ಹೇಳಿದೆ.

"ನಿಮ್ಮೂರಿನ ಮದುವಿ, ದೇವರ ಕಾರ್ಯ ಎಲ್ಲಾ ಬ್ಯಾರೆ ಮೈಕ್‌ನವರಿಗಿ ಹೋಗ್ತಾವ ಅಂತ ಅಂಜಿದ್ದೆ."

ಅವನು ಇನ್ನೂ ಏನೋ ಹೇಳುತ್ತೇನೆ ಎಂದು ಕಾಯುತ್ತಿದ್ದ.

"ಇಷ್ಟೇ ಏನ್?" ಎಂದ.

"ಇಷ್ಟೇ" ಎಂದೆ.

ಅವನು ಒಳಗೆ ಹೋಗಿ ಕಾಕಾರ ಪಕ್ಕದಲ್ಲಿ ಕುಳಿತ. ನನ್ನನ್ನು ಯಾರೂ ಹೋಗು ಎನ್ನಲಿಲ್ಲ, ಕುಂದ್ರು ಎಂದೂ ಅನ್ನಲಿಲ್ಲ. ನಾನು ಫೋನ್ ಎತ್ತಿಕೊಂಡು ಹೊರಗೆ ಬಂದೆ.